ಸಿಗಂದೂರು ಸೇತುವೆ ಬರೀ ದೇವಸ್ಥಾನಕ್ಕಲ್ಲ

ಪುಟ್ಟಾ, 'ಒಂದು ದೇವಸ್ಥಾನಕ್ಕೆ ಹೋಗೋಕೆ 470 ಕೋಟಿ ಸೇತುವೆ ಬೇಕಿತ್ತಾ ಚಿಕ್ಕಮ್ಮಾ' ಅಂತ ಗ್ರೂಪಿನಲ್ಲಿ ಕೇಳಿದ್ದೀಯಲ್ಲ, ಅದಕ್ಕೇ ಈ ಉತ್ತರ. ಟೈಪ್ ಮಾಡುತ್ತಾ ಕೂತರೆ ಬೆಳಗಾಗುತ್ತದೆ, ಮಾತಲ್ಲೇ ಹೇಳುತ್ತೇನೆ. ಉದ್ದ ಆಯ್ತು ಅಂತ ಅರ್ಧಕ್ಕೆ ನಿಲ್ಲಿಸಬೇಡ.

ಸಿಗಂದೂರು ಚೌಡೇಶ್ವರಿ ಅಮ್ಮನವರ ಮೇಲೆ ನನಗೂ ಭಕ್ತಿ ಇದೆ. ಆದರೆ ನನ್ನ ತವರು ಶರಾವತಿ ಹೊಳೆಯ ಆಚೆ ದಡದ್ದು. ತುಮರಿ, ಬ್ಯಾಕೋಡು, ಕಾಡಿನ ನಡುವೆ ಹರಡಿಕೊಂಡ ಊರುಗಳು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ನೀರು ನಿಂತಿತು. ಗದ್ದೆ, ತೋಟ, ಮನೆ, ಓಡಾಡುವ ದಾರಿ ಎಲ್ಲ ಮುಳುಗಿತು. ಆ ನೀರಿನಿಂದ ನಾಡಿಗೆಲ್ಲ ಕರೆಂಟ್ ಬಂತು. ನಮ್ಮವರಿಗೆ ಮಾತ್ರ ಶಿವಮೊಗ್ಗ ಜಿಲ್ಲೆಯ ಸಾಗರ ಪೇಟೆ ದೂರವಾಯಿತು. ಆಮೇಲೆ ಜನ, ವಾಹನ ಎರಡನ್ನೂ ಹಿನ್ನೀರು ದಾಟಿಸುವ ಲಾಂಚೇ ಗತಿ.

ನಿನಗೆ ಲಾಂಚ್ ಅಂದರೆ ಮಜಾ, ಅಲ್ವಾ? ಬಸ್ಸು ರಿವರ್ಸ್ ತೆಗೆದುಕೊಂಡು ಲಾಂಚ್ ಹತ್ತುವುದನ್ನು ವಿಡಿಯೋ ಮಾಡಿದ್ದೆ. ಅಲ್ಲಿನವರಿಗೆ ಸಂಜೆ ಕೊನೇ ಲಾಂಚ್ ಹೋಯ್ತು ಅಂದರೆ ದಾರಿ ಮುಚ್ಚಿತು. ರಾತ್ರಿ ಬಸುರಿಗೆ ನೋವು ಬಂದರೆ ಲಾಂಚಿನವರನ್ನು ಎಬ್ಬಿಸಿ ಕೈಮುಗಿಯಬೇಕಿತ್ತು, ಇಲ್ಲಾಂದ್ರೆ ಕಾಡುದಾರಿಯಲ್ಲಿ ಸುಮಾರು 80 ಕಿಲೋಮೀಟರ್ ಸುತ್ತಬೇಕಿತ್ತು. ಬೇಸಿಗೆಯಲ್ಲಿ ನೀರು ತಳ ಸೇರಿದರೆ ವಾಹನ ಹತ್ತಿಸುತ್ತಲೇ ಇರಲಿಲ್ಲ. ಆಗ ಚೀಲ ಹೊತ್ತುಕೊಂಡು ಕೆಸರು ದಡ ಇಳಿದು ಲಾಂಚ್ ಹತ್ತಬೇಕಿತ್ತು. ಅಮ್ಮ ಚಪ್ಪಲಿ ಕೈಯಲ್ಲೇ ಹಿಡಿದು ಇಳಿಯುತ್ತಿದ್ದಳು.

ಸೇತುವೆಗೆ ಅಡಿಗಲ್ಲು ಹಾಕಿದ್ದು 2018ರಲ್ಲಿ. ಸಾಗರದ ಕಡೆಯ ಅಂಬಾರಗೋಡ್ಲಿನಿಂದ ನಮ್ಮ ದಡದ ಕಳಸವಳ್ಳಿಗೆ ಹತ್ತಿರ ಹತ್ತಿರ ಎರಡೂವರೆ ಕಿಲೋಮೀಟರ್. ಹಿನ್ನೀರು ಆಳ ನೋಡು, ಮಧ್ಯದಲ್ಲಿ ಕಂಬಗಳನ್ನು ದೂರ ದೂರ ನಿಲ್ಲಿಸಿ, ಅವುಗಳ ತುದಿಯಿಂದ ಕೇಬಲ್ ಇಳಿಬಿಟ್ಟು ರಸ್ತೆಯನ್ನು ಹಿಡಿದಿದ್ದಾರೆ. 2025ರ ಜುಲೈ 14ಕ್ಕೆ ಉದ್ಘಾಟನೆ ಆಯ್ತು. ಯಾವ ಪಕ್ಷದವರು ಮಾಡಿಸಿದ್ದು ಅಂತ ಇಲ್ಲಿ ಜಗಳ ಶುರು ಮಾಡಬೇಡಿ, ದಯವಿಟ್ಟು.

ಎಲ್ಲ ಸರಿಹೋಯ್ತು ಅಂತಲೂ ನಾನು ಹೇಳುತ್ತಿಲ್ಲ. ಹೊಳೆಬಾಗಿಲಲ್ಲಿ ಲಾಂಚ್ ಕಾಯುವವರಿಗೆ ಚಹಾ, ಚುರುಮುರಿ ಮಾರುತ್ತಿದ್ದವರಿಗೆ ಈಗ ವ್ಯಾಪಾರ ಎಲ್ಲಿಂದ ಬರಬೇಕು? ಮುಳುಗಡೆಯಾಗಿ ಎದ್ದುಹೋದ ಎಷ್ಟೋ ಕುಟುಂಬಗಳು ಹೊಸ ಜಾಗದ ಹಕ್ಕುಪತ್ರಕ್ಕೆ ಇನ್ನೂ ಅಲೆಯುತ್ತಿವೆ. ಕೋಟಿ ಲೆಕ್ಕ ಹಾಕುವಾಗ ಇದನ್ನೂ ಸೇರಿಸಿಕೋ.

ಬರುವುದಾದರೆ ಮಳೆ ಕಡಿಮೆಯಾದ ಮೇಲೆ ಬಾ. ಸೇತುವೆ ಮಧ್ಯೆ ಕಾರು ನಿಲ್ಲಿಸಿ ಸೆಲ್ಫಿ ಬೇಡ, ಹಿಂದೆ ಆಂಬುಲೆನ್ಸ್ ಇರಬಹುದು. ಊಟಕ್ಕೆ ತವರುಮನೆಯಲ್ಲಿ ಹೇಳಿರುತ್ತೇನೆ. ಎಷ್ಟು ಜನ ಅಂತ ಹಿಂದಿನ ದಿನವೇ ತಿಳಿಸು, ಅತ್ತಿಗೆಗೆ ಹೊತ್ತಿಲ್ಲದ ಹೊತ್ತಲ್ಲಿ ಮತ್ತೆ ಅನ್ನಕ್ಕಿಡುವ ಕೆಲಸ ಬೇಡ.