ತುರುಬಿಗೆ ಸಿಗಿಸೋ ಹಣಿಗೆಗೆ ನಿಮ್ಮ ಕಡೆ ಏನಂತಾರೆ?

ಗೆಳೆಯರೇ, ನಮಸ್ಕಾರ.

ಪುಣೆಯ ಕೋಥ್ರೂಡ್‌ನಲ್ಲಿ ನಮ್ಮದೊಂದು ಸಣ್ಣ ಕನ್ನಡ ಬಳಗವಿದೆ. ಮನೆಗಳಲ್ಲಿ ಉಳಿದಿರುವ ಹಳೇ ಸಾಮಾನುಗಳನ್ನೆಲ್ಲ ಒಂದು ಕಡೆ ಇಟ್ಟು ಮಕ್ಕಳಿಗೆ ತೋರಿಸೋಣ ಅಂತ ಹೊರಟಿದ್ದೇವೆ. ಪ್ರತಿಯೊಂದರ ಮುಂದೆ ಕನ್ನಡದ ಹೆಸರಿನ ಚೀಟಿ ಇರಬೇಕು. ಆ ಚೀಟಿ ಬರೆಯುವ ಕೆಲಸ ನನ್ನದು. ಒರಳು, ಶಾವಿಗೆ ಮಣೆ, ಅಡಕತ್ತರಿ ಬೇಗ ಮುಗಿದವು. ಹಣಿಗೆಗಳ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

ದಿನಾ ತಲೆ ಬಾಚುವುದು ಬಾಚಣಿಗೆ. ಎರಡೂ ಕಡೆ ಒತ್ತು ಹಲ್ಲಿರುವ, ಹೇನು ತೆಗೆಯುವ ಮರದ್ದು ಸೀರಣಿಗೆ. ಸೀರು ಅಂದರೆ ಹೇನಿನ ಮೊಟ್ಟೆ. ಇಲ್ಲಿ ಮರಾಠಿಯವರು ಮೊದಲನೆಯದಕ್ಕೆ ಕಂಗವಾ, ಎರಡನೆಯದಕ್ಕೆ ಫಣಿ ಅಂತಾರೆ. ಗೋವಾದ ಗೆಳತಿ ದಾಂತೋಣಿ ಅಂದಳು. ಇನ್ನೊಬ್ಬರು ಹಿತ್ತಾಳೆಯ ಹಣಿಗೆ ತಂದಿದ್ದಾರೆ. ಅದರ ಒಡಲು ಟೊಳ್ಳು, ಮೇಲೊಂದು ಬಿರಡೆ. ಒಳಗೆ ಎಣ್ಣೆ ತುಂಬಿ ಬಾಚಿದರೆ ಹಲ್ಲಿನ ಬುಡದ ತೂತುಗಳಿಂದ ಎಣ್ಣೆ ಕೂದಲಿಗೆ ಇಳಿಯುತ್ತದೆ. ಅದಕ್ಕೆ ಎಣ್ಣೆಹಣಿಗೆ ಅಂತ ಬರೆದೆ, ಯಾರೂ ಬೇಡ ಅನ್ನಲಿಲ್ಲ.

ತೊಡಕಿರುವುದು ಕೊನೆಯದರಲ್ಲಿ. ಅಂಗೈ ಅಗಲ ಇದೆ. ಜೇನಿನ ಬಣ್ಣ, ನಡುನಡುವೆ ಕಂದು ಮಚ್ಚೆ. ಮೇಲ್ಗಡೆ ಬಳ್ಳಿ ಕೊರೆದ ಜಾಲರಿ, ಕೆಳಗೆ ಐದೇ ಉದ್ದ ಹಲ್ಲು. ತಲೆಯ ಉಬ್ಬಿಗೆ ಕೂರುವ ಹಾಗೆ ಬಾಗಿದೆ. ಇದು ಬಾಚೋಕಲ್ಲ, ತುರುಬಿಗೆ ಸಿಗಿಸೋಕೆ.

ಆಮೆಚಿಪ್ಪಿನದು ಅಂತ ಆ ಮನೆಯವರ ನಂಬಿಕೆ. ಹೆಬ್ಬೆರಳಿನಿಂದ ಜೋರಾಗಿ ಉಜ್ಜಿ ಮೂಸಿದೆ. ಕರ್ಪೂರದ ವಾಸನೆ! ಹಾಗಾದರೆ ಅದು ಸೆಲ್ಯುಲಾಯ್ಡ್, ಅಂದರೆ ಹಳೇ ಕಾಲದ ಒಂದು ಬಗೆಯ ಪ್ಲಾಸ್ಟಿಕ್. ಅಮೆರಿಕದ ಹಯಾಟ್ ಸಹೋದರರು 1870ರಲ್ಲಿ ಪೇಟೆಂಟ್ ಪಡೆದ ಈ ವಸ್ತುವಿನಲ್ಲಿ ಕರ್ಪೂರ ಸೇರಿರುತ್ತದೆ. ಆಮೆಚಿಪ್ಪು ಆಗಿದ್ದರೆ ಬಿಸಿಗೆ ಸುಟ್ಟ ಕೂದಲಿನ ವಾಸನೆ ಬರಬೇಕು, ಯಾಕೆಂದರೆ ಅದೂ ಕೂದಲಿನ ಜಾತಿಯದೇ, ಕೆರಾಟಿನ್. ನಿಮ್ಮ ಮನೆಯಲ್ಲಿ ಇಂಥದ್ದು ಇದ್ದರೆ ಬೆಂಕಿ ತೋರಿಸಿ ಮಾತ್ರ ಪರೀಕ್ಷೆ ಮಾಡಬೇಡಿ. ಸೆಲ್ಯುಲಾಯ್ಡ್ ಭಗ್ ಅಂತ ಹತ್ತಿಕೊಳ್ಳುತ್ತದೆ.

ನಿಜವಾದ ಆಮೆಚಿಪ್ಪನ್ನು ಬಿಸಿ ಮಾಡಿದರೆ ಮೆತ್ತಗಾಗುತ್ತದೆ. ಒತ್ತಿಟ್ಟರೆ ಅಂಟಿಲ್ಲದೆಯೇ ತುಂಡುಗಳು ಬೆಸೆದುಕೊಳ್ಳುತ್ತವೆ. 1830ರ ದಶಕದಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್ ಹೆಂಗಸರು ಇದರಿಂದಲೇ ಮಾಡಿದ ಪೇನೆತೋನ್ ಅನ್ನೋ ಭಾರೀ ಹಣಿಗೆ ಮುಡಿಯುತ್ತಿದ್ದರು. ಕೆಲವು ಸುಮಾರು ಒಂದು ಮೀಟರ್ ಅಗಲ! ಸೆಲ್ಯುಲಾಯ್ಡ್ ಬಂದ ಮೇಲೆ ಅದೇ ಮಚ್ಚೆ, ಅದೇ ಹೊಳಪು ಅಗ್ಗದಲ್ಲಿ ಸಿಕ್ಕಿತು. ಹಣಿಗೆಗೆ ಹೆಸರಾದ ಅಮೆರಿಕದ ಲೆಮಿನ್‌ಸ್ಟರ್ ಊರಿನಲ್ಲಿ ರಾಶಿ ರಾಶಿ ತಯಾರಾದವು. 1920ರ ದಶಕದಲ್ಲಿ ಹೆಂಗಸರು ಕೂದಲು ಗಿಡ್ಡ ಮಾಡಿಸಿಕೊಂಡರು. ತುರುಬೇ ಇಲ್ಲ ಅಂದಮೇಲೆ ಸಿಗಿಸೋದು ಎಲ್ಲಿಗೆ? ವ್ಯಾಪಾರ ಬಿತ್ತು. ಅಲ್ಲಿನ ಫಾಸ್ಟರ್ ಗ್ರಾಂಟ್ ಕಂಪನಿ ತಂಪು ಕನ್ನಡಕದ ಕಡೆ ಹೊರಳಿತು.

ಈಗ ಹೆಸರಿನ ವಿಷಯ. ಬೆಂಗಳೂರಿನವರು ಸೈಡ್ ಕೋಂಬ್ ಅಂದರು. ಮುಂಬೈಯಿಂದ ಬಂದವರು ಜೂಡಾ ಪಿನ್ ಅಂದರು. ಪಿನ್ನಿಗೆ ಒಂದೋ ಎರಡೋ ಕಡ್ಡಿ ಇರುತ್ತದೆ, ಇದು ಹಾಗಲ್ಲ. ರಾಗಟೆ, ಜಡೆಬಿಲ್ಲೆ ಬೇರೆಯೇ ಒಡವೆಗಳು, ಅವಕ್ಕೆ ಹಲ್ಲಿಲ್ಲ. ಒಬ್ಬರು ಕೇಶಾಲಂಕಾರ ಬಾಚಣಿಗೆ ಅಂತ ಸೂಚಿಸಿದರು. ಅಂಥ ಮಾತು ಯಾರ ಬಾಯಲ್ಲೂ ನಿಲ್ಲುವುದಿಲ್ಲ ಅಂತ ನನ್ನ ಅನಿಸಿಕೆ. ಜೊತೆಗೆ ಬಾಚಣಿಗೆ ಅಂದ ಕೂಡಲೇ ಬಾಚೋ ಕೆಲಸ ಬಂದುಬಿಡುತ್ತದೆ, ಅಲ್ವಾ?

ಹಣಿಗೆಗೆ ಆ ಕಟ್ಟಿಲ್ಲ. ಮಗ್ಗದಲ್ಲಿ ಹಾಸಿನ ಎಳೆಗಳು ಹಾಯುವ, ಹೊಕ್ಕನ್ನು ಒತ್ತುವ ಹಲ್ಲಿನ ಚೌಕಟ್ಟಿಗೂ ನೇಕಾರರು ಹಣಿಗೆ ಅಂತಲೇ ಕರೆಯುತ್ತಾರೆ. ಹಲ್ಲಿನ ಸಾಲು ಇದ್ದರೆ ಸಾಕು, ಅದು ಹಣಿಗೆ. ಅದಕ್ಕೇ ನನ್ನ ಮನಸ್ಸು ಮುಡಿಹಣಿಗೆ ಕಡೆ ವಾಲಿದೆ. ತುರುಬುಹಣಿಗೆಯೂ ಆಗಬಹುದು, ಆದರೆ ನಾಲಿಗೆಗೆ ಸ್ವಲ್ಪ ಜಾಸ್ತಿ ಕೆಲಸ.

ಹೊಸದಾಗಿ ಕಟ್ಟೋ ಮೊದಲು ಬಳಕೆಯಲ್ಲಿರೋದನ್ನು ಕೇಳಬೇಕು ಅನ್ನಿಸಿತು. ನಿಮ್ಮ ಅಜ್ಜಿ, ಅತ್ತೆ ಇದಕ್ಕೆ ಏನಂತಿದ್ದರು? ಧಾರವಾಡ, ಬೆಳಗಾವಿ, ಕಾರವಾರದವರು ಖಂಡಿತ ಬರೆಯಿರಿ, ಊರಿನ ಹೆಸರೂ ಇರಲಿ. ಮರಾಠಿಯ ಫಣಿಗೂ ನಮ್ಮ ಹಣಿಗೆಗೂ ನಂಟಿದೆಯಾ, ಇದ್ದರೆ ಯಾರಿಂದ ಯಾರಿಗೆ ಹೋಯಿತು ಅನ್ನೋದನ್ನು ಬಲ್ಲವರು ಬಿಡಿಸಿ ಹೇಳಿ. ಚೀಟಿಗಳು ಬರುವ ವಾರ ಅಚ್ಚಿಗೆ ಹೋಗುತ್ತವೆ.