ಶಾಲೆಯ ಮಾಡು, ಶಾಲೆಯ ಲೆಕ್ಕ: ಸೆಪ್ಟೆಂಬರ್ 30ರ ಒಳಗೆ ನಾವು ಏನು ಮಾಡಬಹುದು?

ಮನೆ 9, ಎರಡನೇ ಅಡ್ಡರಸ್ತೆ:
ನಮ್ಮ ಬಡಾವಣೆಯ ಗುಂಪಿನ ಎಲ್ಲರಿಗೂ ನಮಸ್ಕಾರ. ಚೌತಿ ವಂತಿಗೆ, ಬೀದಿ ನಾಯಿ, ನೀರಿನ ಪೈಪಿನ ಮಾತಿನ ನಡುವೆ ಇದನ್ನೂ ಸ್ವಲ್ಪ ಓದಿ. ಮೈದಾನದ ಆಚೆಗಿರುವ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮೊನ್ನೆ ಪೋಷಕರ ಸಭೆ ಇತ್ತು. ಎಸ್‌ಡಿಎಂಸಿಯವರು, ಅಂದರೆ ಶಾಲೆಯ ಅಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿಯವರು ಕರೆದರು ಅಂತ ಹೋಗಿದ್ದೆ. ಹೆಡ್ ಟೀಚರ್ ವರ್ಷದ ವರದಿ ಓದಿದರು. ಒಂದರಿಂದ ಏಳರವರೆಗೆ ಒಟ್ಟು 97 ಮಕ್ಕಳು. ಹೆಚ್ಚಿನವರು ಕೊಪ್ಪಳ, ಬಾಗಲಕೋಟೆ, ಗದಗ ಕಡೆಯಿಂದ ಕೆಲಸಕ್ಕೆ ಬಂದವರ ಮಕ್ಕಳು. ಒಡಿಶಾ, ಬಿಹಾರದವರೂ ಇದ್ದಾರೆ. ಜೂನ್‌ನಲ್ಲಿ ಕನ್ನಡದ ಒಂದು ಅಕ್ಷರವೂ ಗೊತ್ತಿಲ್ಲದೆ ಬಂದ ಹುಡುಗನೊಬ್ಬ ನಲಿ-ಕಲಿ (ಚಿಕ್ಕ ತರಗತಿಗಳ ಚಟುವಟಿಕೆ ಪಾಠ) ಕಾರ್ಡನ್ನು ಎಲ್ಲರೆದುರು ಓದಿ ತೋರಿಸಿದ. ಕಲಿಕೆಯ ವಿಷಯದಲ್ಲಿ ನನಗೆ ದೂರಿಲ್ಲ. ಟೀಚರುಗಳು ಕೆಲಸ ಮಾಡುತ್ತಿದ್ದಾರೆ.

ತೊಂದರೆ ಇರುವುದು ಮಾಡಿನಲ್ಲಿ, ಅಂದರೆ ಛಾವಣಿಯಲ್ಲಿ. ಹೆಂಚಿನ ಮಾಡು, ಪೂರ್ವದ ಎರಡು ಕೋಣೆ ಸೋರುತ್ತಿದೆ. ನಾಲ್ಕು, ಐದನೇ ಕ್ಲಾಸನ್ನು ಒಂದೇ ಕೋಣೆಯಲ್ಲಿ ಬೆನ್ನಿಗೆ ಬೆನ್ನು ಹಾಕಿ ಕೂರಿಸಿದ್ದಾರೆ. ಒಂದು ಕಡೆ ಗಣಿತ, ಇನ್ನೊಂದು ಕಡೆ ಪದ್ಯ. ಅನುದಾನ ಎಷ್ಟು ಅಂತ ಕೇಳಿದೆ. ವರ್ಷಕ್ಕೆ 25,000 ಅಂದರು. ತಿಂಗಳಿಗೆ ಎರಡು ಸಾವಿರದ ಚಿಲ್ಲರೆ ಆಯಿತು. ನಮ್ಮ ಫ್ಲ್ಯಾಟಿನ ಲಿಫ್ಟಿಗೆ ಇದಕ್ಕಿಂತ ಜಾಸ್ತಿ ಖರ್ಚಿದೆ ಮಾರಾಯ್ರೆ.

ಮನೆ 22, ಮುಖ್ಯರಸ್ತೆ:
ಒಳ್ಳೆಯ ವಿಚಾರ. ಆದರೆ ನಮ್ಮ ಬಡಾವಣೆಯ ಒಂದು ಮಗುವೂ ಅಲ್ಲಿಗೆ ಹೋಗುವುದಿಲ್ಲ. ನಾವು ಟ್ಯಾಕ್ಸ್ ಕಟ್ಟುತ್ತೇವೆ, ಸರ್ಕಾರ ನೋಡಿಕೊಳ್ಳಲಿ. 2025ರಲ್ಲಿ ಎಸ್‌ಎಸ್‌ಎಲ್‌ಸಿಯಲ್ಲಿ ನಮ್ಮ ದಕ್ಷಿಣ ಕನ್ನಡ ಜಿಲ್ಲೆ ರಾಜ್ಯಕ್ಕೇ ಮೊದಲು ಬಂದಿದೆ, 91.12 ಪರ್ಸೆಂಟ್. ಅಂದರೆ ವ್ಯವಸ್ಥೆ ಸರಿಯಾಗಿಯೇ ಉಂಟು ಅಲ್ವಾ?

ಮನೆ 5, ಮೂರನೇ ಅಡ್ಡರಸ್ತೆ:
ಒಂದು ಮಗುವೂ ಅಂದಿರಲ್ಲ, ನಿಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ನರ ಮಕ್ಕಳಿಬ್ಬರೂ ಅಲ್ಲೇ. ನಾಲ್ಕನೇ ಕ್ಲಾಸು ಮತ್ತು ಆರನೇ ಕ್ಲಾಸು.

ಮನೆ 22:
ಅದು ನನಗೆ ಗೊತ್ತಿರಲಿಲ್ಲ.

ಮನೆ 31 (ನಿವೃತ್ತ ಮುಖ್ಯ ಶಿಕ್ಷಕ):
ಎಸ್‌ಎಸ್‌ಎಲ್‌ಸಿ ಪರ್ಸೆಂಟಿಗೂ ನಾಲ್ಕನೇ ಕ್ಲಾಸಿನ ಮಾಡಿಗೂ ಸಂಬಂಧ ಇಲ್ಲ. ಜಿಲ್ಲೆ ಮೊದಲು ಬರುವುದರಲ್ಲಿ ಖಾಸಗಿ, ಅನುದಾನಿತ ಶಾಲೆಗಳ ಮಕ್ಕಳೂ ಸೇರಿದ್ದಾರೆ. ಬ್ಯಾನರ್ ನೋಡಿ ಖುಷಿಪಡಿ, ಆದರೆ ಪಕ್ಕದ ಶಾಲೆಯ ಲೆಕ್ಕವನ್ನು ಬೇರೆಯೇ ನೋಡಬೇಕು.

ಆ 25,000 ಎಲ್ಲಿಂದ ಬಂತು ಅಂತ ಹೇಳುತ್ತೇನೆ. ಅದನ್ನು ಯಾರೂ ಮನಸ್ಸಿಗೆ ಬಂದಹಾಗೆ ಕೊಟ್ಟದ್ದಲ್ಲ. ಸಮಗ್ರ ಶಿಕ್ಷಣ ಅನ್ನುವ ಯೋಜನೆಯಲ್ಲಿ ನೂರಕ್ಕೆ ಕೇಂದ್ರದ ಪಾಲು 60, ರಾಜ್ಯದ್ದು 40. ಅದರಲ್ಲಿ ಶಾಲಾ ಅನುದಾನ ಮಕ್ಕಳ ತಲೆ ಎಣಿಸಿ ಬರುತ್ತದೆ. 30ರ ತನಕ 10,000. 31ರಿಂದ 100ರ ತನಕ 25,000. 101 ದಾಟಿದರೆ 50,000, ಅದು 250ರ ತನಕ. ಆಮೇಲೆ 75,000. ಚಾಕ್‌ಪೀಸ್, ಕರೆಂಟ್ ಬಿಲ್ಲು, ನೀರು, ಇಂಟರ್‌ನೆಟ್, ಚಿಲ್ಲರೆ ರಿಪೇರಿ ಎಲ್ಲ ಇದರಲ್ಲೇ. ಕನಿಷ್ಠ ಹತ್ತನೇ ಒಂದು ಭಾಗ ಸ್ವಚ್ಛತೆಗೆ ಅಂತ ತೆಗೆದಿಡಬೇಕು.

ಈಗ ನಮ್ಮ ಶಾಲೆಯನ್ನು ನೋಡಿ. 97. ಇನ್ನು ನಾಲ್ಕು ಮಕ್ಕಳು ಬಂದರೆ ಹಣ ಎರಡು ಪಾಲು. ಆ ಎಣಿಕೆ ಯುಡೈಸ್‌ಗೆ (ಶಾಲೆಗಳ ಸರ್ಕಾರಿ ಅಂಕಿಅಂಶ) ಹೋಗುವುದು ಸೆಪ್ಟೆಂಬರ್ 30ರ ಲೆಕ್ಕದಲ್ಲಿ. ನಂತರ ಅಕ್ಟೋಬರಿನಲ್ಲಿ ಹತ್ತು ಮಕ್ಕಳು ಬಂದರೂ ಪಾಠ ಹೇಳಿಕೊಡಬೇಕು, ದುಡ್ಡು ಮಾತ್ರ ಹಳೇದೇ.

ಮನೆ 9:
ಮಾಸ್ಟ್ರೇ, ಟೀಚರುಗಳ ಸಂಖ್ಯೆಯೂ ಇದೇ ಲೆಕ್ಕವಾ?

ಮನೆ 31:
ಹೆಚ್ಚು ಕಡಿಮೆ ಹಾಗೇ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಒಂದರಿಂದ ಐದರಲ್ಲಿ 60 ಮಕ್ಕಳ ತನಕ ಇಬ್ಬರು, 61ರಿಂದ 90ರ ತನಕ ಮೂವರು, 91ರಿಂದ 120ರ ತನಕ ನಾಲ್ವರು. ನಮ್ಮಲ್ಲಿ ಆ ಐದು ತರಗತಿಗಳಲ್ಲಿ 60ರ ಆಸುಪಾಸು. ಒಂದೆರಡು ಮಕ್ಕಳು ಕಡಿಮೆಯಾದರೆ ಸಾಕು, ಟೀಚರ್ 'ಹೆಚ್ಚುವರಿ' ಅಂತ ಪಟ್ಟಿ ಸೇರುತ್ತಾರೆ, ಬೇರೆ ಶಾಲೆಗೆ ಹೋಗುತ್ತಾರೆ. ಆಮೇಲೆ ಅತಿಥಿ ಶಿಕ್ಷಕರನ್ನು ಕಾಯುತ್ತಾ ಕೂರಬೇಕು. ಟೀಚರ್ ಇಲ್ಲ ಅಂತ ಮತ್ತೆ ನಾಲ್ಕು ಮನೆಯವರು ಟಿಸಿ ತೆಗೆಯುತ್ತಾರೆ. ಶಾಲೆಗಳು ಮುಚ್ಚುವುದು ಹೀಗೆಯೇ. ಬಾಗಿಲಿಗೆ ಬೀಗ ಬೀಳುವುದು ಕಡೆಯಲ್ಲಿ.

ಮನೆ 17 (ಸಿವಿಲ್, ಅಂದರೆ ಕಟ್ಟಡ ಕೆಲಸ):
ನಾನು ಬೆಳಿಗ್ಗೆ ವಾಕಿಂಗ್ ಹೋದಾಗ ಟೀಚರ್ ಹತ್ತಿರ ಕೇಳಿ ಒಳಗೆ ಹೋಗಿ ನೋಡಿದೆ. ಹೆಂಚು ಒಡೆದದ್ದು ದೊಡ್ಡ ವಿಷಯ ಅಲ್ಲ, ಪಕ್ಕದ ತೆಂಗಿನಮರದ ಮಡಲು ಬಿದ್ದು ಎರಡು ಸಾಲು ಹೋಗಿದೆ. ಅಸಲು ಸಮಸ್ಯೆ ಕೆಳಗಿನದು. ಹೆಂಚು ಕೂರುವ ರೀಪು ಪಟ್ಟಿ ಗೆದ್ದಲು ಹಿಡಿದಿದೆ. ಬೆರಳಲ್ಲಿ ಒತ್ತಿದರೆ ಪುಡಿ ಉದುರುತ್ತದೆ. ರೀಪನ್ನು ಹೊರುವ ಓರೆ ಮರ, ಅಂದರೆ ಪಕ್ಕಾಸು, ಅಂಥ ಮೂರರ ತುದಿ ಗೋಡೆಯ ಹತ್ತಿರ ಕೊಳೆತು ಕುಂಬಾಗಿದೆ. ಹೊಸ ಹೆಂಚು ಹಾಕಿದರೆ ಆ ಭಾರಕ್ಕೇ ಕೂರುತ್ತದೆ. ಆ ಕೋಣೆಗೆ ಮಕ್ಕಳನ್ನು ಬಿಡದೆ ಇದ್ದದ್ದು ಟೀಚರ್ ಮಾಡಿದ ಬುದ್ಧಿವಂತಿಕೆ.

25,000 ಅಲ್ಲ, 50,000 ಬಂದರೂ ಅದರಲ್ಲಿ ಇದು ಮುಗಿಯುವುದಿಲ್ಲ. ಅದಕ್ಕೆ ಬೇರೆ ದಾರಿ ಬೇಕು.

ಮನೆ 22:
ಹಾಗಾದರೆ ನಾಲ್ಕು ಮಕ್ಕಳನ್ನು ಸೇರಿಸಿ ಏನು ಪ್ರಯೋಜನ? ಚೌತಿ ವಂತಿಗೆಯಲ್ಲೇ ಸ್ವಲ್ಪ ತೆಗೆದು ಮಾಡು ಮಾಡಿಸಿಕೊಟ್ಟರೆ ಮುಗಿಯಿತಲ್ಲ. ಒಂದು ಕಲ್ಲು, ಹೆಸರು, ಫೋಟೋ.

ಮನೆ 9:
ನನಗೆ ಇದೇ ಬೇಡ ಅನಿಸುವುದು. ಸುಮ್ನೆ ಬಣ್ಣ ಹೊಡೆದು, ಫೋಟೋ ತೆಗೆದು ಬಂದ ಶಾಲೆಗಳು ಎಷ್ಟಿಲ್ಲ? ಎರಡು ಮಳೆಗಾಲ ಕಳೆದರೆ ಬಣ್ಣವೂ ಇಲ್ಲ, ಕೊಟ್ಟವರೂ ಇಲ್ಲ. ಕಲ್ಲು ಮಾತ್ರ ಗಟ್ಟಿ ಇರುತ್ತದೆ. ಮಾಡು ಒಂದು ಸಲದ ಖರ್ಚು, ಅದಕ್ಕೆ ಒಂದು ಸಲದ ಹಣ ಹುಡುಕೋಣ. ಮಕ್ಕಳ ಸಂಖ್ಯೆ ಹಾಗಲ್ಲ. 101 ಅಂತ ಒಮ್ಮೆ ದಾಟಿ ಅಲ್ಲೇ ಉಳಿದರೆ ವರ್ಷ ವರ್ಷ ಅನುದಾನ ಬರುತ್ತದೆ, ಟೀಚರೂ ಉಳಿಯುತ್ತಾರೆ. ಬಂಟ್ವಾಳ, ಪುತ್ತೂರು ಕಡೆ ಹಳೆ ವಿದ್ಯಾರ್ಥಿ ಸಂಘದವರು ಮಾಡಿದ್ದೂ ಇದನ್ನೇ. ಶಾಲೆಗೆ ವಾಹನ ಕೊಟ್ಟರು, ಎಲ್‌ಕೆಜಿ ಶುರು ಮಾಡಿ ಅದರ ಟೀಚರಿಗೆ ಸಂಬಳ ಕೊಟ್ಟರು. ಬಣ್ಣಕ್ಕಿಂತ ಮೊದಲು ಮಕ್ಕಳನ್ನು ತಂದರು.

ಮನೆ 31:
ಮಾಡಿಗೆ ದಾರಿ ಹೀಗೆ. ಮಳೆಗೆ ಹಾನಿಯಾದದ್ದು ಅಂತ ಹೆಡ್ ಟೀಚರ್ ಫೋಟೋ ಸಮೇತ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಬರೆಯಬೇಕು, ಎಸ್‌ಡಿಎಂಸಿ ನಡಾವಳಿಯ ಪ್ರತಿ ಜೊತೆಗಿರಲಿ. ಅದರ ಮೇಲೆ ಇಲಾಖೆಯ ಎಂಜಿನಿಯರ್ ಎಸ್ಟಿಮೇಟ್ ಆಗಬೇಕು. ಎಸ್ಟಿಮೇಟ್ ಕೈಯಲ್ಲಿದ್ದರೆ ಶಾಸಕರ ನಿಧಿ ಕೇಳಬಹುದು, ಎಂಆರ್‌ಪಿಎಲ್‌ನಂಥ ಕಂಪನಿಗಳ ಸಿಎಸ್‌ಆರ್‌ಗೂ (ಸಮಾಜದ ಕೆಲಸಕ್ಕೆ ಕಂಪನಿ ಕೊಡುವ ಹಣ) ಅರ್ಜಿ ಹಾಕಬಹುದು. ಎಸ್ಟಿಮೇಟ್ ಇಲ್ಲದೆ ಬಾಯಿಮಾತಲ್ಲಿ ಕೇಳಿದರೆ 'ನೋಡೋಣ' ಅನ್ನುತ್ತಾರೆ, ಅಷ್ಟೇ.

ಇನ್ನೊಂದು. ಶಿಕ್ಷಣ ಹಕ್ಕು ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಶಾಲಾ ಅಭಿವೃದ್ಧಿ ಯೋಜನೆ ಮಾಡುವುದು ಎಸ್‌ಡಿಎಂಸಿಯ ಕೆಲಸ. ಅನುದಾನಕ್ಕೆ ಆಧಾರ ಅದೇ. ಆರ್ಥಿಕ ವರ್ಷ ಮುಗಿಯುವ ಮೂರು ತಿಂಗಳ ಮೊದಲೇ ಅದು ಸಿದ್ಧ ಇರಬೇಕು. ಹಳೆಯ ಪುಟವನ್ನೇ ನಕಲು ಮಾಡಿ ಸಹಿ ಹಾಕುವ ಶಾಲೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಪೂರ್ವದ ಎರಡು ಕೋಣೆ ಅದರಲ್ಲಿ ಹೆಸರು ಹೇಳಿ ಬರಬೇಕು.

ಮನೆ 14:
ಮಕ್ಕಳನ್ನು ಎಲ್ಲಿಂದ ತರುವುದು ಅಂತ ಯಾರೂ ಹೇಳಲಿಲ್ಲ. ಸುಳ್ಳು ಹೆಸರು ಬರೆಸುವ ಯೋಚನೆ ಇದ್ದರೆ ನಾನಿಲ್ಲ.

ಮನೆ 31:
ಸುಳ್ಳು ಹೆಸರು ನಡೆಯುವುದಿಲ್ಲ ಟೀಚರ್. ಪ್ರತಿ ಮಗುವಿಗೂ ಎಸ್‌ಎಟಿಎಸ್‌ನಲ್ಲಿ (ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ) ನಂಬರ್ ಇರುತ್ತದೆ, ಬಿಸಿಯೂಟಕ್ಕೆ ದಿನಾ ತಲೆ ಎಣಿಸುತ್ತಾರೆ. ಮಾಡಲೂ ಬಾರದು.

ಎಸ್‌ಡಿಎಂಸಿ ಸದಸ್ಯೆ (9ನೇ ಮನೆಯವರು ಗುಂಪಿಗೆ ಸೇರಿಸಿದ್ದು):
ನಮಸ್ಕಾರ ಎಲ್ಲರಿಗೂ. ನಾನು ಮಾತಾಡಿ ಕಳಿಸಿದ್ದನ್ನು ನನ್ನ ಮಗಳು ಬರೆದಿದ್ದಾಳೆ. ಆರನೇ ಕ್ಲಾಸು, ತಪ್ಪಿದ್ದರೆ ಹೇಳಿ.

ಮಕ್ಕಳು ದೂರ ಇಲ್ಲ ಸರ್. ಶಾಲೆ ಹಿಂದೆ ಏಳುತ್ತಿರುವ ಆ ಬಿಲ್ಡಿಂಗ್ ಇದೆಯಲ್ಲ, ಅದರ ಶೆಡ್‌ನಲ್ಲಿ ಶಾಲೆಗೆ ಹೋಗುವ ವಯಸ್ಸಿನ ಆರು ಮಕ್ಕಳು ಇದ್ದಾರೆ. ನಾನು ಎರಡು ಸಲ ಹೋಗಿ ಕೇಳಿದೆ. ಒಬ್ಬರು ಟಿಸಿ ಊರಲ್ಲಿದೆ ಅಂತಾರೆ. ಒಬ್ಬರ ಹತ್ತಿರ ಜನನ ಪತ್ರ ಇಲ್ಲ. ಇನ್ನೊಬ್ಬರು, ಸಂಕ್ರಾಂತಿಗೆ ವಾಪಸ್ ಹೋಗುತ್ತೇವೆ, ನಾಲ್ಕು ತಿಂಗಳಿಗೆ ಯಾಕೆ ಅಂತಾರೆ. ಒಂಬತ್ತು ವರ್ಷದ ಹುಡುಗಿ ಒಬ್ಬಳಿದ್ದಾಳೆ, ಅವಳಿಗೆ ಬರಲು ಬಹಳ ಆಸೆ. ಕಾಂಪೌಂಡಿನ ಆಚೆ ನಿಂತು ನಮ್ಮ ಮಕ್ಕಳ ಮಗ್ಗಿ ಕೇಳುತ್ತಾಳೆ. ಸೊಂಟದ ಮೇಲೆ ತಮ್ಮ. ಅವ್ವ ಕಲ್ಲು ಹೊರಲು ಹೋದರೆ ತಮ್ಮನನ್ನು ನೋಡುವವರು ಯಾರು ಸರ್?

ಮನೆ 5:
ತಮ್ಮನಿಗೆ ಎಷ್ಟು ವರ್ಷ ಅಕ್ಕ?

ಎಸ್‌ಡಿಎಂಸಿ ಸದಸ್ಯೆ:
ಮೂರು ತುಂಬಿದೆ ಅಂದರು.

ಮನೆ 5:
ಹಾಗಾದರೆ ಅಂಗನವಾಡಿಗೆ ಸೇರಿಸಬಹುದು. ಅದು ಶಾಲೆಯ ಕಾಂಪೌಂಡಿನಲ್ಲೇ ಉಂಟಲ್ಲ. ಅಕ್ಕ ತಮ್ಮ ಒಟ್ಟಿಗೇ ಬರಲಿ. ಅಂಗನವಾಡಿ ಟೀಚರ್ ನನಗೆ ಪರಿಚಯ, ನಾನು ಮಾತಾಡುತ್ತೇನೆ.

ಮನೆ 31:
ಕಾಗದದ ಭಯ ಬೇಡ ಅಂತ ಅವರಿಗೆ ಸರಿಯಾಗಿ ಹೇಳಬೇಕು. ಜನನ ಪತ್ರ ಇಲ್ಲ ಅಂತ ಸೇರಿಸಿಕೊಳ್ಳದೆ ಇರುವಂತಿಲ್ಲ, ಕಾಯ್ದೆಯಲ್ಲೇ ಇದೆ. ಟಿಸಿ ತಡ ಆದರೂ ಮಗುವನ್ನು ಹೊರಗೆ ನಿಲ್ಲಿಸುವಂತಿಲ್ಲ. ಜೂನ್ ಕಳೆಯಿತು ಅನ್ನುವ ನೆಪವೂ ಇಲ್ಲ. ಒಂಬತ್ತು ವರ್ಷದವಳನ್ನು ಒಂದನೇ ಕ್ಲಾಸಲ್ಲಿ ಕೂರಿಸಬೇಕಾಗಿಯೂ ಇಲ್ಲ, ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ಹಿಂದೆ ಬಿದ್ದದ್ದನ್ನು ಬೇರೆಯಾಗಿ ಕಲಿಸಬೇಕು. ಅದಕ್ಕೆ ಸಂಜೆ ಒಂದು ಗಂಟೆ ನಾನು ಬರುತ್ತೇನೆ. ಮನೆಯಲ್ಲಿ ಸೀರಿಯಲ್ ನೋಡುವುದಕ್ಕಿಂತ ಮೇಲು.

ಸಂಕ್ರಾಂತಿಗೆ ಹೋಗುವವರ ವಿಷಯ ನಿಜವೇ. ಹೋಗುವಾಗ ಎಸ್‌ಎಟಿಎಸ್ ನಂಬರ್ ಬರೆದುಕೊಟ್ಟು ಕಳಿಸಿದರೆ ಊರಿನ ಶಾಲೆಯಲ್ಲಿ ಮುಂದುವರಿಸಲು ಸುಲಭ. ಅವರನ್ನು ನಮ್ಮ 101ಕ್ಕಾಗಿ ಹಿಡಿದಿಟ್ಟುಕೊಳ್ಳುವುದು ಬೇಡ.

ಮನೆ 14:
ಇದಾದರೆ ನಾನಿದ್ದೇನೆ. ಇಂಗ್ಲಿಷ್ ನಾನು ಹೇಳಿಕೊಡುತ್ತೇನೆ. ಪೋಷಕರು ಮೊದಲು ಕೇಳುವುದೇ ಅದು.

ಮನೆ 22:
ಆ ಬಿಲ್ಡಿಂಗಿನ ಕಂಟ್ರಾಕ್ಟರ್ ನನಗೆ ಗೊತ್ತು. ಫೋನ್ ಮಾಡಿ ಹೇಳುತ್ತೇನೆ, ಶೆಡ್‌ಗೆ ಹೋದರೆ ತಡೆಯುವುದಿಲ್ಲ. ಮಾಡಿನ ಹಣದ ವಿಷಯದಲ್ಲಿ ನನ್ನ ಮಾತು ಅದೇ: ನಗದು ಬೇಡ, ಎಸ್‌ಡಿಎಂಸಿ ಖಾತೆಗೆ ಚೆಕ್ ಹೋಗಬೇಕು, ರಸೀದಿ ಈ ಗುಂಪಿಗೆ ಬರಬೇಕು. ಮತ್ತು ಚೌತಿ ವಂತಿಗೆ ಮುಟ್ಟುವುದು ಬೇಡ, ಅದು ಬೇರೆ ಜಗಳ.

ಮನೆ 17:
ಸರಿ. ಮಳೆ ನಿಲ್ಲುವ ತನಕ ಆ ಎರಡು ಕೋಣೆಗೆ ಟಾರ್ಪಾಲು ನಾನು ಹಾಕಿಸುತ್ತೇನೆ. ಅಳತೆ, ಫೋಟೋ ಹೆಡ್ ಟೀಚರಿಗೆ ನಾಳೆಯೇ ಕೊಡುತ್ತೇನೆ. ಇಲಾಖೆಯ ಎಂಜಿನಿಯರ್ ಬಂದಾಗ ಪಕ್ಕಾಸಿನ ತುದಿ ತೋರಿಸಲು ಯಾರಾದರೂ ಇರಬೇಕು. ಕೆಳಗಿಂದ ನೋಡಿದರೆ ಗೊತ್ತಾಗುವುದಿಲ್ಲ.

ಮನೆ 9:
ಹಾಗಾದರೆ ಭಾನುವಾರ ಬೆಳಿಗ್ಗೆ ಶೆಡ್‌ಗೆ ಹೋಗೋಣ. ಮಾಸ್ಟ್ರು, 5ನೇ ಮನೆ, 14ನೇ ಮನೆ, ನಾನು. ಜಾಸ್ತಿ ಜನ ಬೇಡ, ಹೆದರುತ್ತಾರೆ.

ಎಸ್‌ಡಿಎಂಸಿ ಸದಸ್ಯೆ:
ಭಾನುವಾರ ಬೇಡ ಮೇಡಂ, ಎಲ್ಲರೂ ಸಂತೆಗೆ ಹೋಗುತ್ತಾರೆ. ಶನಿವಾರ ಸಂಜೆ ಐದೂವರೆಗೆ ಬನ್ನಿ. ಅವತ್ತು ಬಟವಾಡೆ, ಗಂಡಸರೂ ಅಲ್ಲೇ ಸಿಗುತ್ತಾರೆ. ಅರ್ಜಿ ಫಾರಂ ಟೀಚರ್ ಹತ್ತಿರ ನಾನು ತಂದಿಡುತ್ತೇನೆ.