ಪದಚರ್ಚೆ: ಗಿಡದ ಪ್ರೋಟೀನು ಬ್ಯಾಕ್ಟೀರಿಯಾವನ್ನು ‘ಏನು ಮಾಡುತ್ತದೆ’?

ಎಲ್ಲರಿಗೂ ನಮಸ್ಕಾರ.

ನನಗೊಂದು ಕ್ರಿಯಾಪದ ಬೇಕಾಗಿದೆ. ಹದಿನೈದು ದಿನದಿಂದ ಹುಡುಕುತ್ತಿದ್ದೇನೆ, ಸಿಕ್ಕಿಲ್ಲ.

ನಾನಿರುವುದು ಕೊಡಗಿನ ಸೋಮವಾರಪೇಟೆ ಕಡೆ. ಹುತ್ತರಿ ಮುಗಿದು ಗದ್ದೆ ಕೊಯ್ಲಾದ ಮೇಲೆ ನಮ್ಮೂರಲ್ಲಿ ಕೆಲವರು ಉಳಿದ ತೇವದಲ್ಲೇ ಅಲಸಂದೆ ಬಿತ್ತುತ್ತಾರೆ. ಅವರಿಗಾಗಿ ಬೇರಿನ ಗಂಟುಗಳ ಬಗ್ಗೆ ನಾಲ್ಕು ಪುಟದ ಕೈಪಿಡಿ ಬರೆಯುತ್ತಿದ್ದೇನೆ. ಗಾಳಿಯಲ್ಲಿ 78% ಸಾರಜನಕ ಇದ್ದರೂ ಗಿಡಕ್ಕೆ ಅದು ನೇರವಾಗಿ ದಕ್ಕುವುದಿಲ್ಲ. ರೈಜೋಬಿಯಂ ಎಂಬ ಮಣ್ಣಿನ ಬ್ಯಾಕ್ಟೀರಿಯಾ ಬೇರಿನ ಗಂಟಿನೊಳಗೆ ಕೂತು ಅದನ್ನು ಗಿಡಕ್ಕೆ ದಕ್ಕುವಂತೆ ಮಾಡಿಕೊಡುತ್ತದೆ. ಇಲ್ಲಿಯವರೆಗೆ ಸಲೀಸಾಗಿ ಬರೆದೆ. ಮುಂದಿನ ವಾಕ್ಯದಲ್ಲಿ ಪೆನ್ನು ನಿಂತಿತು. ಒಳಗೆ ಬಂದ ಆ ಬ್ಯಾಕ್ಟೀರಿಯಾವನ್ನು ಗಿಡ ತನ್ನ ಪ್ರೋಟೀನುಗಳಿಂದ ಏನು ಮಾಡುತ್ತದೆ?

‘ಪ್ರೋಟೀನು’ ಎಂದೇ ಬರೆಯುತ್ತಿದ್ದೇನೆ. ‘ಸಸಾರಜನಕ’ ನನಗೆ ಇಷ್ಟದ ಪದ. ಪ್ರೋಟೀನಿನಲ್ಲಿ ಸಾರಜನಕ ಇದೆ ಎಂಬುದನ್ನು ಆ ಪದವೇ ಹೇಳಿಬಿಡುತ್ತದೆ. ಆದರೆ ಒಂದೇ ಪುಟದಲ್ಲಿ ಸಾರಜನಕ, ಸಸಾರಜನಕ ಎರಡೂ ಬಂದರೆ ಓದುವವರು ಅಚ್ಚಿನ ತಪ್ಪು ಅಂದುಕೊಳ್ಳುತ್ತಾರೆ.

ಈಗ ವಿಷಯಕ್ಕೆ ಬರುತ್ತೇನೆ. ಬಟಾಣಿ, ಕುದುರೆ ಮಸಾಲೆ ಸೊಪ್ಪು ಇಂಥ ಗಿಡಗಳು ಬೇರಿನ ಗಂಟಿನಲ್ಲಿ ಒಂದು ಬಗೆಯ ಪುಟ್ಟ ಪ್ರೋಟೀನುಗಳನ್ನು ತಯಾರಿಸುತ್ತವೆ. ಅವನ್ನು ಎನ್‌ಸಿಆರ್ ಪೆಪ್ಟೈಡ್ ಎನ್ನುತ್ತಾರೆ. ಕುದುರೆ ಮಸಾಲೆಯ ಹತ್ತಿರದ ನೆಂಟ ಗಿಡವೊಂದರಲ್ಲಿ ಇವುಗಳ ಜೀನುಗಳೇ ಸುಮಾರು 700 ಇವೆ. ರೋಗದ ಸೂಕ್ಷ್ಮಾಣುಗಳನ್ನು ಕೊಲ್ಲಲು ಗಿಡ ಬಳಸುವ ಪ್ರೋಟೀನುಗಳನ್ನೇ ಇವು ಹೋಲುತ್ತವೆ. ಗಂಟಿನೊಳಗೆ ಮಾತ್ರ ಇವು ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ, ಬದಲಾಯಿಸುತ್ತವೆ. ಬ್ಯಾಕ್ಟೀರಿಯಾದ ಡಿಎನ್‌ಎ ಮತ್ತೆ ಮತ್ತೆ ದುಪ್ಪಟ್ಟಾಗುತ್ತದೆ, ಆದರೆ ಕೋಶ ಇಬ್ಭಾಗವಾಗುವುದಿಲ್ಲ. ಹಾಗಾಗಿ ಅದು ಉದ್ದಕ್ಕೆ ಬೆಳೆಯುತ್ತದೆ, ಕೆಲವೊಮ್ಮೆ ಕವೆಗೋಲಿನ ಹಾಗೆ ಕವಲೊಡೆಯುತ್ತದೆ. ಸಾರಜನಕದ ಕೆಲಸ ಚೆನ್ನಾಗಿ ಮಾಡುತ್ತದೆ. ಆದರೆ ಹೊರಗೆ ತೆಗೆದು ಮಣ್ಣಿಗೆ ಬಿಟ್ಟರೂ ಮತ್ತೆ ಮರಿ ಮಾಡುವುದಿಲ್ಲ. ಇದಕ್ಕೆಲ್ಲ ಗಿಡದ ಪೆಪ್ಟೈಡುಗಳೇ ಕಾರಣ ಎಂದು ತೋರಿಸಿದ ಸಂಶೋಧನೆ 2010ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು.

ಮೊದಲು ‘ಪ್ರಭಾವ ಬೀರುತ್ತದೆ’ ಎಂದು ಬರೆದೆ. ಓದಿ ನೋಡಿದರೆ ಏನೂ ಹೇಳಿದಂತಾಗಲಿಲ್ಲ. ಹೊಡೆದು ಹಾಕಿದೆ. ‘ಹತೋಟಿಗೆ ತರುತ್ತದೆ’ ಎಂದರೆ ಕೀಟನಾಶಕದ ಡಬ್ಬದ ಮೇಲಿನ ಮಾತು ನೆನಪಾಗುತ್ತದೆ.

ಆಮೇಲೆ ‘ಪಳಗಿಸು’ ಹೊಳೆಯಿತು. ದುಬಾರೆ, ಮತ್ತಿಗೋಡಿನ ಆನೆ ಶಿಬಿರಗಳನ್ನು ನೋಡಿದ ನಮಗೆ ಇದು ತಕ್ಷಣ ತಟ್ಟುವ ಪದ, ಅಲ್ವಾ? ಕಾಡಿನದ್ದನ್ನು ಹಿಡಿದು ಕೆಲಸಕ್ಕೆ ಒಗ್ಗಿಸುವುದು. ಎರಡು ದಿನ ಖುಷಿಯಲ್ಲಿದ್ದೆ. ಆದರೆ ಪಳಗಿದ ಆನೆ ಮರಿ ಹಾಕುತ್ತದೆ. ಬಟಾಣಿಯೊಳಗಿನ ಬ್ಯಾಕ್ಟೀರಿಯಾಕ್ಕೆ ಅದು ಆಗದು. ಮುಖ್ಯವಾದ ಸಂಗತಿಯೇ ಬಿಟ್ಟುಹೋಗುತ್ತದೆ.

ಪಕ್ಕದ ಮನೆ ಚಿಕ್ಕಮ್ಮನಿಗೆ ಇದನ್ನೆಲ್ಲ ವಿವರಿಸಿದೆ. ಅವರು ಅಕ್ಕಿ ಆರಿಸುತ್ತಲೇ ಹೇಳಿದರು: “ಹಾಗಾದ್ರೆ ಗಿಡ ಅದಕ್ಕೆ ಮದ್ದು ಹಾಕ್ತದೆ ಅಂತ ಬರಿ.” ನಾನು ಬೆರಗಾದೆ. ಕೊಡಗಿನಲ್ಲಿ ಮದ್ದು ಎಂದರೆ ಮೊದಲು ಮಳೆಗಾಲದ ಕಕ್ಕಡ ತಿಂಗಳ ಮದ್ದುಸೊಪ್ಪು, ಅದರ ಪಾಯಸ. ಅದು ಒಳ್ಳೆಯದು ಮಾಡುವ ಮದ್ದು. ಆದರೆ ‘ಮದ್ದು ಹಾಕು’ ಎಂದರೆ ಬೇರೆ. ಅನ್ನದಲ್ಲಿ ಕೈಮದ್ದು ಬೆರೆಸಿ ಒಬ್ಬರನ್ನು ತಮ್ಮ ಕಡೆ ಮಾಡಿಕೊಳ್ಳುತ್ತಾರೆ ಎಂಬ ನಂಬಿಕೆ. ಪ್ರಯೋಗಾಲಯದಲ್ಲಿ ಈ ಪೆಪ್ಟೈಡುಗಳಲ್ಲಿ ಕೆಲವನ್ನು ಜಾಸ್ತಿ ಸುರಿದರೆ ಬ್ಯಾಕ್ಟೀರಿಯಾ ಸತ್ತೇ ಹೋಗುತ್ತದೆ. ಸ್ವಲ್ಪ ಕೊಟ್ಟರೆ ಅದರ ನಡವಳಿಕೆ ಬದಲಾಗುತ್ತದೆ. ‘ಮದ್ದು’ ಈ ಎರಡನ್ನೂ ಹಿಡಿದಿಡುವ ಪದ. ಆದರೆ ಮೂಢನಂಬಿಕೆಯ ಮಾತನ್ನು ಕೈಪಿಡಿಯಲ್ಲಿ ಹಾಕಲು ಮನಸ್ಸು ಒಪ್ಪುತ್ತಿಲ್ಲ.

ಒಬ್ಬರು ‘ಜೀತಕ್ಕೆ ಇಟ್ಟುಕೊಳ್ಳುತ್ತದೆ’ ಎಂದರು. ಬೇಡ. ತೋಟದ ಕೂಲಿಕಾರರ ಲೈನ್ ಮನೆಗಳಲ್ಲಿ ಈ ಕೈಪಿಡಿ ಓದುವವರಿಗೆ ಅದು ಸುಮ್ನೆ ಹೋಲಿಕೆಯ ಮಾತಲ್ಲ.

ಸದ್ಯಕ್ಕೆ ನನ್ನ ಮನಸ್ಸು ನಿಂತಿರುವುದು ‘ಎತ್ತು ಮಾಡು’ ಎಂಬುದರ ಮೇಲೆ. ಹೋರಿಯನ್ನು ಎತ್ತು ಮಾಡುತ್ತಾರೆ. ಅದೇ ಪ್ರಾಣಿ, ಮೈ ತುಂಬಿಕೊಳ್ಳುತ್ತದೆ, ಉಳುತ್ತದೆ, ಆದರೆ ಸಂತಾನ ಇಲ್ಲ. ಗಿಡದ ಪೆಪ್ಟೈಡು ಮಾಡುವುದೂ ಇದನ್ನೇ. ಉತ್ತು ಗೊತ್ತಿರುವವರಿಗೆ ಒಂದು ಸಾಲಲ್ಲಿ ತಿಳಿಯುತ್ತದೆ. ಹೀಗೆ ಬದಲಾಗಿ ಗಂಟಿನೊಳಗೆ ಕೆಲಸ ಮಾಡುವ ಬ್ಯಾಕ್ಟೀರಿಯಾವನ್ನು, ಪುಸ್ತಕದಲ್ಲಿ ಬ್ಯಾಕ್ಟೆರಾಯ್ಡ್ ಎನ್ನುವುದನ್ನು, ‘ಎತ್ತು ಬ್ಯಾಕ್ಟೀರಿಯಾ’ ಎಂದರೆ ನಿಮಗೆ ಒರಟು ಅನಿಸುತ್ತದೆಯೇ?

ಇನ್ನೊಂದು ತೊಡಕಿದೆ. ನಮ್ಮ ಗದ್ದೆಯ ಅಲಸಂದೆ, ಸೋಯಾ, ಬೀನ್ಸ್ ಇವುಗಳಲ್ಲಿ ಹೀಗೆ ಆಗುವುದಿಲ್ಲ. ಅಲ್ಲಿ ಬ್ಯಾಕ್ಟೀರಿಯಾ ಹೆಚ್ಚು ಕಡಿಮೆ ಮೊದಲಿನ ಹಾಗೇ ಇದ್ದು ಕೆಲಸ ಮಾಡುತ್ತದೆ. ಗಂಟು ಕೊಳೆತಾಗ ಮಣ್ಣಿಗೆ ಮರಳಿ ಮತ್ತೆ ಹೆಚ್ಚಬಲ್ಲದು. ಅದಕ್ಕೆ ‘ಎತ್ತು’ ಹೊಂದದು. ಅಲ್ಲಿಗೆ ‘ಒಗ್ಗಿಸಿಕೊಳ್ಳು’ ಸಾಕೆಂದು ನನ್ನ ಲೆಕ್ಕ.

ಬ್ಯಾಕ್ಟೀರಿಯಾಕ್ಕೆ ಕೃಷಿ ಪುಸ್ತಕಗಳಲ್ಲಿ ‘ದುಂಡಾಣು’ ಎಂಬ ಪದ ಬಳಕೆಯಲ್ಲಿದೆ. ದುಂಡಾಣು ಅಂಗಮಾರಿ ರೋಗ ಎಂದು ನೀವೂ ಕೇಳಿರುತ್ತೀರಿ. ರೈಜೋಬಿಯಂ ದುಂಡಗಿಲ್ಲ, ಕಡ್ಡಿಯ ಹಾಗಿದೆ. ಆದರೆ ಒಂದೇ ತಳಿಯ ಬ್ಯಾಕ್ಟೀರಿಯಾ ಅಲಸಂದೆಯ ಗಂಟಿನಲ್ಲಿ ಕಡ್ಡಿಯಾಗಿಯೇ ಉಳಿದು, ಕಡಲೆಕಾಯಿ ಗಂಟಿನಲ್ಲಿ ಉಬ್ಬಿ ದುಂಡಗಾಗಿದ್ದನ್ನು ವಿಜ್ಞಾನಿಗಳು ಕಂಡಿದ್ದಾರೆ. ಆಕಾರವನ್ನು ತೀರ್ಮಾನಿಸುವುದು ಗಿಡವೇ ಎಂಬುದಕ್ಕೆ ಇದಕ್ಕಿಂತ ಚೆಂದದ ಉದಾಹರಣೆ ನನಗೆ ಸಿಕ್ಕಿಲ್ಲ. ದುಂಡಾಣು ಎಂಬ ಪದ ಕಡಲೆಕಾಯಿಯೊಳಗೆ ಮಾತ್ರ ನಿಜವಾಗುತ್ತದೆ!

ಕೊನೆಯದಾಗಿ ‘ಬೇರುಗಂಟು’. ನಮ್ಮಲ್ಲಿ ಕಾಳುಮೆಣಸಿಗೆ ಜಂತುಹುಳು ಬಿದ್ದು ಬೇರು ಗಂಟುಗಂಟಾಗುವುದಕ್ಕೂ ಇದೇ ಹೆಸರು. ಹೋದ ವರ್ಷ ನಮ್ಮ ಬೀದಿಯ ಅಣ್ಣನೊಬ್ಬರು ಅಲಸಂದೆ ಬೇರಿನ ಗಂಟು ನೋಡಿ ರೋಗ ಎಂದು ಅರ್ಧ ಪಾತಿ ಕಿತ್ತು ಸುಟ್ಟರು. ನನಗೆ ಗೊತ್ತಾಗುವಷ್ಟರಲ್ಲಿ ಬೂದಿಯಾಗಿತ್ತು. ಕೈಪಿಡಿ ಬರೆಯಬೇಕು ಅನಿಸಿದ್ದೇ ಆಗ. ಒಳ್ಳೆಯ ಗಂಟು ಬೇರಿಗೆ ಅಂಟಿಕೊಂಡಂತೆ ಇರುತ್ತದೆ, ಬೆರಳಲ್ಲಿ ಉಜ್ಜಿದರೆ ಉದುರುತ್ತದೆ. ಸೀಳಿದರೆ ಒಳಗೆ ನಸುಗೆಂಪು. ಆ ಬಣ್ಣ ಲೆಗ್‌ಹಿಮೋಗ್ಲೋಬಿನ್‌ನದು. ಅದೂ ಗಿಡದ ಪ್ರೋಟೀನೇ, ಬ್ಯಾಕ್ಟೀರಿಯಾದ ಕೆಲಸಕ್ಕೆ ಆಮ್ಲಜನಕ ಅಡ್ಡಿಯಾಗದಂತೆ ಕಾಯುತ್ತದೆ. ಹುಳುವಿನ ಗಂಟು ಬೇರೇ ಊದಿಕೊಂಡದ್ದು, ಉಜ್ಜಿದರೆ ಬರುವುದಿಲ್ಲ.

ಇವೆರಡಕ್ಕೂ ಬೇರೆ ಬೇರೆ ಹೆಸರು ಬೇಕೇ ಬೇಕು. ಬಯಲುಸೀಮೆಯವರು ಹೇಳಿ, ನಿಮ್ಮ ಕಡೆ ಕಡಲೆಕಾಯಿ ಗಿಡ ಕಿತ್ತಾಗ ಬೇರಲ್ಲಿ ಕಾಣುವ ಆ ಸಣ್ಣ ಗುಂಡುಗಳಿಗೆ ಮನೆಯ ಹಿರಿಯರು ಏನೆನ್ನುತ್ತಿದ್ದರು?